ಟೂಬಾದ ಕೊಳವೆ ಕತ್ತರಿಸಿದರೆ ಏನಾಗುತ್ತದೆ?



ಮದುವೆ ಮೆರವಣಿಗೆಗೆ ಬ್ಯಾಂಡ್‌ಸೆಟ್ ಬಂದರೆ ಎಲ್ಲರ ಕಣ್ಣು ಮುಂದೆ ನಿಂತು ಹಾಡಿನ ರಾಗ ಊದುವವರ ಮೇಲೆ ಇರುತ್ತದೆ. ಕೆಲವು ಸೆಟ್ಟುಗಳಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬರು ಮಗುವನ್ನು ಎತ್ತಿಕೊಂಡ ಹಾಗೆ ಒಂದು ದೊಡ್ಡ ಹಿತ್ತಾಳೆ ವಾದ್ಯವನ್ನು ತಬ್ಬಿಕೊಂಡು "ಬಂ... ಬಂ..." ಅಂತ ಊದ್ತಾ ಇರ್ತಾರೆ. ಅವರ ಕಡೆ ಯಾರೂ ನೋಡಲ್ಲ. ಆದರೆ ಅವರು ನಿಲ್ಲಿಸಿದ ತಕ್ಷಣ ಹಾಡಿನ ಬುಡವೇ ಹೋದ ಹಾಗೆ ಆಗುತ್ತೆ. ಆ ವಾದ್ಯದ ಹೆಸರು ಟೂಬಾ. ಹಿತ್ತಾಳೆ ವಾದ್ಯಗಳಲ್ಲೆಲ್ಲ ಅತಿ ಕೆಳಗಿನ ಸ್ವರ ಕೊಡುವುದು ಇದೇ. ಅದರ ಕೊಳವೆ ಹೇಗಿದ್ದರೆ ಸ್ವರ ಬೇಗ ಏಳುತ್ತೆ, ಹೇಗಿದ್ದರೆ ತಡ ಮಾಡುತ್ತೆ, ಕೊಳವೆಯನ್ನು ಬದಲಾಯಿಸಿದರೆ ಏನಾಗುತ್ತೆ ಅನ್ನೋದನ್ನು ಈ ಲೇಖನದಲ್ಲಿ ಬರೆದಿದ್ದೇನೆ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಟೂಬಾ ನಮ್ಮ ದೇಶದ ವಾದ್ಯ ಅಲ್ಲ. ಹುಟ್ಟಿದ್ದು ಜರ್ಮನಿಯ ಬರ್ಲಿನ್ ನಗರದಲ್ಲಿ, ೧೮೩೫ರಲ್ಲಿ. ಆಗ ಅದು ಪ್ರಷ್ಯಾ ಎಂಬ ರಾಜ್ಯದ ರಾಜಧಾನಿ. ಅಲ್ಲಿನ ಸೈನ್ಯದ ಬ್ಯಾಂಡುಗಳನ್ನು ನೋಡಿಕೊಳ್ಳುತ್ತಿದ್ದ ವಿಲ್‌ಹೆಲ್ಮ್ ವೀಪ್ರೆಖ್ಟ್ ಎಂಬವರು ಮತ್ತು ವಾದ್ಯ ತಯಾರಿಸುತ್ತಿದ್ದ ಯೋಹಾನ್ ಮೋರಿಟ್ಸ್ ಎಂಬವರು ಸೇರಿ ಇದಕ್ಕೆ ಪೇಟೆಂಟ್ ಪಡೆದರು. ಅದಕ್ಕೆ ಐದು ವಾಲ್ವುಗಳಿದ್ದವು. ಅದಕ್ಕೂ ಮೊದಲು ಸೈನ್ಯದವರು ಕೆಳಗಿನ ಸ್ವರಕ್ಕೆ 'ಸರ್ಪೆಂಟ್' ಅಂತ ಒಂದು ವಾದ್ಯ ಊದುತ್ತಿದ್ದರು. ಹಾವಿನ ಹಾಗೆ ಸೊಟ್ಟಕ್ಕೆ ಇರುತ್ತೆ, ಅದಕ್ಕೇ ಆ ಹೆಸರು. ಅದರಲ್ಲಿ ಕೊಳಲಿನ ಹಾಗೆ ತೂತುಗಳನ್ನು ಬೆರಳಿನಿಂದ ಮುಚ್ಚಬೇಕು. ಅಷ್ಟು ದೊಡ್ಡ ಕೊಳವೆಗೆ ದೊಡ್ಡ ತೂತೇ ಬೇಕು, ಆದರೆ ಬೆರಳು ಎಲ್ಲರಿಗೂ ಒಂದೇ ಅಳತೆ! ಹಾಗಾಗಿ ಕೆಲವು ಸ್ವರ ಗಟ್ಟಿ, ಕೆಲವು ಸ್ವರ ಮಂಕು. ೧೮೧೮ರಲ್ಲಿ ಸ್ಟೋಲ್ಜೆಲ್ ಮತ್ತು ಬ್ಲ್ಯೂಮೆಲ್ ಎಂಬ ಇಬ್ಬರು ವಾಲ್ವಿಗೆ ಪೇಟೆಂಟ್ ತೆಗೆದುಕೊಂಡ ಮೇಲೆ ತೂತಿನ ಸಹವಾಸವೇ ತಪ್ಪಿತು. ತೂತು ತೆರೆದು ಕೊಳವೆಯನ್ನು ಚಿಕ್ಕದು ಮಾಡುವ ಬದಲು, ವಾಲ್ವು ಒತ್ತಿ ಕೊಳವೆಯನ್ನು ಉದ್ದ ಮಾಡುವುದು. ಇದೇ ಟೂಬಾದ ಮುಖ್ಯ ಉಪಾಯ.

ಈಗ ಉದ್ದದ ಮಾತಿಗೆ ಬರೋಣ. ಟೂಬಾಗಳಲ್ಲಿ ೧೨ ಅಡಿ, ೧೩ ಅಡಿ, ೧೬ ಅಡಿ, ೧೮ ಅಡಿ ಕೊಳವೆ ಇರುವ ಜಾತಿಗಳಿವೆ. ಸುರುಳಿ ಸುತ್ತಿರುವುದರಿಂದ ಗೊತ್ತಾಗಲ್ಲ, ಬಿಚ್ಚಿ ನೆಟ್ಟಗೆ ಮಾಡಿದರೆ ೧೮ ಅಡಿಯದು ಸುಮಾರು ೫೫೦ ಸೆಂಟಿಮೀಟರ್ ಆಗುತ್ತೆ. ಮೂರು ಜನ ದೊಡ್ಡವರು ಒಬ್ಬರ ತಲೆಗೆ ಒಬ್ಬರ ಕಾಲು ತಾಗಿಸಿ ಮಲಗಿದರೂ ಅದಕ್ಕೆ ಸಾಲಲ್ಲ.

ಊದುವವರು ಬರೀ ಗಾಳಿ ಬಿಡುವುದಿಲ್ಲ. ಮೌತ್‌ಪೀಸ್ ಅಂತ ಒಂದು ಬಟ್ಟಲಿಗೆ ತುಟಿ ಇಟ್ಟು, ಎಮ್ಮೆ ನೀರು ಕುಡಿದ ಮೇಲೆ ತುಟಿ ನಡುಗಿಸುತ್ತಲ್ಲ, ಹಾಗೆ ನಡುಗಿಸುತ್ತಾರೆ. ಆ ನಡುಕ ಗಾಳಿಯಲ್ಲಿ ಅಲೆಯಾಗಿ ಕೊಳವೆಯೊಳಗೆ ಓಡುತ್ತದೆ. ಅಗಲ ಬಾಯಿಗೆ ಬಂದಾಗ ಅಲೆಯ ಸ್ವಲ್ಪ ಭಾಗ ಹೊರಗೆ ಹೋಗುತ್ತೆ, ಅದೇ ನಮಗೆ ಕೇಳಿಸೋದು. ಉಳಿದದ್ದು ವಾಪಸ್ ತುಟಿಯ ಕಡೆಗೆ ಬರುತ್ತೆ. ಬಾವಿಯಲ್ಲಿ ಕೂಗಿದರೆ ನಮ್ಮ ಕೂಗು ನಮಗೇ ಬರುತ್ತಲ್ಲ, ಹಾಗೆ. ವಾಪಸ್ ಬಂದ ಅಲೆ ಸರಿಯಾದ ಹೊತ್ತಿಗೆ ತುಟಿಯನ್ನು ತಳ್ಳಿದರೆ ನಡುಕಕ್ಕೆ ಬಲ ಸಿಗುತ್ತೆ. ಉಯ್ಯಾಲೆ ಹಿಂದಕ್ಕೆ ಬಂದಾಗ ಸರಿಯಾಗಿ ತಳ್ಳಿದರೆ ಮೇಲೆ ಹೋಗುತ್ತೆ, ತಪ್ಪು ಹೊತ್ತಿನಲ್ಲಿ ತಳ್ಳಿದರೆ ನಿಂತು ಹೋಗುತ್ತೆ. ಇಲ್ಲೂ ಅದೇ ಲೆಕ್ಕ.

ಇದಕ್ಕೆ ಎಷ್ಟು ಹೊತ್ತು ಬೇಕು ಅಂತ ನಮ್ಮ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಹಾಕಿಸಿದರು. ಶಬ್ದ ಒಂದು ಸೆಕೆಂಡಿಗೆ ಸುಮಾರು ೩೪೦ ಮೀಟರ್ ಹೋಗುತ್ತೆ. ಹೋಗಿ ಬರಲು ೫.೫ + ೫.೫ = ೧೧ ಮೀಟರ್. ೧೧ನ್ನು ೩೪೦ರಿಂದ ಭಾಗಿಸಿದರೆ ೦.೦೩೨ ಸೆಕೆಂಡ್. ಅಂದರೆ ಸೆಕೆಂಡಿನ ಸುಮಾರು ೩೦ರಲ್ಲಿ ಒಂದು ಭಾಗ. ಇಷ್ಟೇನಾ ಅನ್ನಬೇಡಿ! ಅಷ್ಟರವರೆಗೆ ಊದುವವರಿಗೆ ಕೊಳವೆಯ ಸಹಾಯವೇ ಇಲ್ಲ. ತುಟಿ ಒಂದೇ ಕತ್ತಲಲ್ಲಿ ಕೆಲಸ ಮಾಡಬೇಕು. ಸೆಕೆಂಡಿಗೆ ೧೧೬ ಸಲ ನಡುಗುವ ಸ್ವರವಾದರೆ, ಮೊದಲನೇ ಅಲೆ ವಾಪಸ್ ಬರುವಷ್ಟರಲ್ಲಿ ತುಟಿ ೪ ಸಲ ನಡುಗಿ ಆಗಿರುತ್ತೆ. ಅದು ಸರಿಯಾದ ಸ್ವರದಲ್ಲೇ ನಡುಗಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಂದ ಅಲೆಗೂ ತುಟಿಗೂ ಜಗಳ. ಆಗ 'ಬಂ' ಅನ್ನೋ ಬದಲು 'ಬ್ರ್‌ವಂ' ಅನ್ನುತ್ತೆ. ವಾದ್ಯ ಬೇಗ ಮಾತಾಡುತ್ತೆ, ತಡವಾಗಿ ಮಾತಾಡುತ್ತೆ ಅಂತ ಊದುವವರು ಹೇಳೋದು ಇದನ್ನೇ. ಅಲೆ ಗಟ್ಟಿಯಾಗಿ, ಸರಿಯಾದ ಹೊತ್ತಿಗೆ ವಾಪಸ್ ಬರುವ ಹಾಗೆ ಕೊಳವೆ ಇರಬೇಕು.

ಹಾಗಾದರೆ ಕೊಳವೆಯ ಆಕಾರ ಹೇಗಿರಬೇಕು? ಟೂಬಾದ ಕೊಳವೆ ಎಲ್ಲ ಕಡೆ ಒಂದೇ ದಪ್ಪ ಇಲ್ಲ. ಮೌತ್‌ಪೀಸಿನ ಹತ್ತಿರ ಬೆರಳಿನಷ್ಟು ಸಣ್ಣ. ಅಲ್ಲಿಂದ ವಾಲ್ವಿನವರೆಗೆ ಮೆಲ್ಲಗೆ ಅಗಲವಾಗುತ್ತೆ. ಈ ತುಂಡಿಗೆ ಲೀಡ್‌ಪೈಪ್ ಅಂತಾರೆ. ವಾಲ್ವಿನ ಕೊಳವೆಗಳ ಒಳ ಅಗಲ ಸುಮಾರು ೧೭ರಿಂದ ೨೧ ಮಿಲಿಮೀಟರ್, ಅವು ಮಾತ್ರ ಒಂದೇ ಸಮ. ಅದು ಆದ ಮೇಲೆ ಮತ್ತೆ ಅಗಲವಾಗುತ್ತಾ ಹೋಗಿ ಕೊನೆಗೆ ಬಾಯಿ ೪೦-೫೦ ಸೆಂಟಿಮೀಟರ್ ಆಗುತ್ತೆ, ನಮ್ಮ ಬಿಸಿಯೂಟದ ದೊಡ್ಡ ತಟ್ಟೆಯಷ್ಟು. ಗಣಿತದಲ್ಲಿ ಶಂಕು ಅಂತ ಬರುತ್ತಲ್ಲ, ಟೂಬಾ ಅಂದರೆ ಸುರುಳಿ ಸುತ್ತಿದ ಶಂಕು. ತುತ್ತೂರಿಯಲ್ಲಿ, ಅಂದರೆ ಟ್ರಂಪೆಟ್‌ನಲ್ಲಿ, ಒಂದೇ ಸಮದ ಕೊಳವೆ ಜಾಸ್ತಿ, ಅದಕ್ಕೇ ಅದರ ದನಿ ಚೂಪು. ಟೂಬಾದಲ್ಲಿ ಶಂಕು ಜಾಸ್ತಿ, ಅದಕ್ಕೇ ದನಿ ದುಂಡು.

ಸಣ್ಣ ಕೊಳವೆಯ ಟೂಬಾ ಕಡಿಮೆ ಉಸಿರಿಗೇ ಬೇಗ ಏಳುತ್ತೆ, ಆದರೆ ಜೋರಾಗಿ ಊದಿದರೆ ದನಿ ಒಡೆದ ಹಾಗೆ ಆಗುತ್ತೆ. ದೊಡ್ಡ ಕೊಳವೆಯದು ಬಯಲಿನಲ್ಲಿ ತುಂಬಿ ನಿಲ್ಲುತ್ತೆ, ಆದರೆ ಉಸಿರು ನುಂಗುತ್ತೆ. ಒಂದು ಮೈಲಿ ನಡೆಯುತ್ತಾ ಊದುವವರಿಗೆ ಅತಿ ದೊಡ್ಡದನ್ನು ಕೊಡುವುದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ನಡೆಯುತ್ತಾ ಊದುವ ಕಷ್ಟಕ್ಕೇ ಸೂಸಾಫೋನ್ ಹುಟ್ಟಿತು. ಅಮೆರಿಕದ ಬ್ಯಾಂಡ್ ಮಾಸ್ಟರ್ ಜಾನ್ ಫಿಲಿಪ್ ಸೂಸಾ ಅವರ ಹೆಸರಿನಲ್ಲಿ ೧೮೯೩ರಲ್ಲಿ ಜೆ. ಡಬ್ಲ್ಯೂ. ಪೆಪ್ಪರ್ ಎಂಬವರು ಇದನ್ನು ಮಾಡಿದರು. ಮೈಮೇಲೆ ಹಾಕಿಕೊಳ್ಳುವ ಹಾಗೆ ಕೊಳವೆಯನ್ನು ದೊಡ್ಡ ಬಳೆಯಂತೆ ಸುತ್ತಿದ್ದಾರೆ. ಮೊದಮೊದಲು ಬಾಯಿ ನೇರ ಆಕಾಶಕ್ಕೆ ಇತ್ತು, ಜನ ಅದನ್ನು 'ಮಳೆ ಹಿಡಿಯುವ ವಾದ್ಯ' ಅಂತ ತಮಾಷೆ ಮಾಡುತ್ತಿದ್ದರು. ಆಮೇಲೆ ಬಾಯಿಯನ್ನು ಮುಂದಕ್ಕೆ ತಿರುಗಿಸಿದರು. ಇದರಲ್ಲಿ ಕಲಿಯೋದು ಏನಂದ್ರೆ, ಕೊಳವೆಯನ್ನು ಹೇಗೆ ಸುತ್ತಿದರೂ, ಉದ್ದ ಮತ್ತು ಅಗಲ ಹಾಗೇ ಇದ್ದು ತಿರುವುಗಳು ನಯವಾಗಿದ್ದರೆ ಸ್ವರಕ್ಕೆ ಹೆಚ್ಚು ತೊಂದರೆ ಇಲ್ಲ. ಮೈಯನ್ನು ಹಿತ್ತಾಳೆ ಬದಲು ಫೈಬರ್‌ನಿಂದ ಮಾಡಿದ ಸೂಸಾಫೋನ್‌ಗಳೂ ಇವೆ, ಅವೂ ಟೂಬಾದ ಹಾಗೇ ಊದುತ್ತವೆ. ಹಾಡೋದು ಮುಖ್ಯವಾಗಿ ಒಳಗಿನ ಗಾಳಿ. ಹಿತ್ತಾಳೆಯ ಹೊಳಪಿಗೆ ಹುಣಸೆಹಣ್ಣು ಹಾಕಿ ಉಜ್ಜಿದರೆ ಫೋಟೋಗೆ ಚೆಂದ, ಸ್ವರಕ್ಕೆ ಏನೂ ಆಗಲ್ಲ.

ಈಗ ವಾಲ್ವಿನ ಲೆಕ್ಕ. ಇದು ನನಗೆ ಬಹಳ ಇಷ್ಟವಾದ ಭಾಗ. ಹಾರ್ಮೋನಿಯಂನಲ್ಲಿ ಕಪ್ಪು ಬಿಳಿ ಎಲ್ಲ ಸೇರಿಸಿ ಒಂದು ಮನೆಯಿಂದ ಪಕ್ಕದ ಮನೆಗೆ ಇಳಿಯುವುದನ್ನು ಒಂದು ಮೆಟ್ಟಿಲು ಅನ್ನೋಣ. ಒಂದು ಮೆಟ್ಟಿಲು ಇಳಿಯಬೇಕಾದರೆ ಕೊಳವೆಯ ಉದ್ದ ನೂರಕ್ಕೆ ಸುಮಾರು ೬ರಷ್ಟು ಜಾಸ್ತಿ ಆಗಬೇಕು. ೫೫೦ ಸೆಂಟಿಮೀಟರಿಗೆ ೩೩ ಸೆಂಟಿಮೀಟರ್. ಇದು ಎರಡನೇ ವಾಲ್ವಿನ ಕೊಳವೆ. ಮೊದಲನೇ ವಾಲ್ವು ಎರಡು ಮೆಟ್ಟಿಲು ಇಳಿಸುತ್ತೆ, ಅದಕ್ಕೆ ೬೭ ಸೆಂಟಿಮೀಟರ್. ಮೂರನೇ ವಾಲ್ವು ಮೂರು ಮೆಟ್ಟಿಲು, ೧೦೪ ಸೆಂಟಿಮೀಟರ್.

ಮೂರನ್ನೂ ಒಟ್ಟಿಗೆ ಒತ್ತಿದರೆ? ೧ + ೨ + ೩ = ೬ ಮೆಟ್ಟಿಲು ಇಳಿಯಬೇಕು. ಕೊಳವೆ ೩೩ + ೬೭ + ೧೦೪ = ೨೦೪ ಸೆಂಟಿಮೀಟರ್ ಸೇರುತ್ತೆ. ಆದರೆ ಆರು ಮೆಟ್ಟಿಲಿಗೆ ನಿಜವಾಗಿ ಬೇಕಾದ್ದು ೨೨೮! ೨೪ ಸೆಂಟಿಮೀಟರ್ ಕಡಿಮೆ ಬಿತ್ತು. ಯಾಕೆ ಗೊತ್ತಾ? ಎರಡನೇ ವಾಲ್ವಿನ ೩೩ ಸೆಂಟಿಮೀಟರ್ ಅನ್ನೋದು ೫೫೦ಕ್ಕೆ ಸರಿಯಾದ ಅಳತೆ. ಬೇರೆ ವಾಲ್ವು ಒತ್ತಿದಾಗ ಕೊಳವೆ ಆಗಲೇ ೭೦೦ ದಾಟಿರುತ್ತೆ. ಅದರಲ್ಲಿ ನೂರಕ್ಕೆ ೬ ಅಂದರೆ ೩೩ ಸಾಲಲ್ಲ. ಮೇಷ್ಟ್ರು ಇದನ್ನು ಚಕ್ರಬಡ್ಡಿ ಅಂದರು. ಸರಳಬಡ್ಡಿ ಲೆಕ್ಕದಲ್ಲಿ ಕೊಳವೆ ಮಾಡಿ ಚಕ್ರಬಡ್ಡಿ ಕೇಳಿದರೆ ಹೇಗೆ ಸಿಗುತ್ತೆ? ಹೀಗಾಗಿ ಮೂರು ವಾಲ್ವು ಒತ್ತಿದಾಗ ಸ್ವರ ಮೇಲಕ್ಕೆ ಸರಿದು ಅಪಸ್ವರ ಆಗುತ್ತೆ. ಊದುವವರು ತುಟಿ ಸಡಿಲ ಮಾಡಿ ಅದನ್ನು ಕೆಳಗೆ ಎಳೀತಾರೆ. ಎಳೆದಾಗ ತುಟಿಗೂ ವಾಪಸ್ ಬರುವ ಅಲೆಗೂ ಹೊಂದಲ್ಲ, ದನಿ ಮಂಕಾಗುತ್ತೆ.

ಇದಕ್ಕೆ ಪರಿಹಾರಗಳಿವೆ. ಒಂದು, ನಾಲ್ಕನೇ ವಾಲ್ವು ಇಡುವುದು. ಅದರ ಕೊಳವೆ ೧೮೪ ಸೆಂಟಿಮೀಟರ್, ಸರಿಯಾಗಿ ಐದು ಮೆಟ್ಟಿಲಿಗೆ. ೧ ಮತ್ತು ೩ನೇ ವಾಲ್ವು ಒತ್ತಿದರೆ ಬರುವ ೧೭೧ಕ್ಕಿಂತ ಇದು ಸರಿ. ಇನ್ನೊಂದು ಉಪಾಯವನ್ನು ೧೮೭೪ರಲ್ಲಿ ಲಂಡನ್ನಿನ ಬೂಸಿ ಕಂಪನಿಯಲ್ಲಿದ್ದ ಡೇವಿಡ್ ಬ್ಲೇಕ್ಲಿ ಎಂಬವರು ಕಂಡುಹಿಡಿದರು. ಕೊನೆಯ ವಾಲ್ವನ್ನು ಒತ್ತಿದರೆ ಗಾಳಿಯ ದಾರಿ ತಿರುಗಿ ಮತ್ತೊಮ್ಮೆ ಬೇರೆ ವಾಲ್ವುಗಳ ಮೂಲಕ ಹಾದು ಬರುತ್ತೆ. ಅಲ್ಲಿ ಅಂಟಿಸಿರುವ ಪುಟ್ಟ ಪುಟ್ಟ ಕೊಳವೆಗಳು ಕಡಿಮೆ ಬಿದ್ದ ಉದ್ದವನ್ನು ತಾವಾಗಿಯೇ ತುಂಬುತ್ತವೆ. ಬಹಳ ಜಾಣತನ! ಆದರೆ ಕೊಳವೆ ಸುತ್ತಿ ಸುತ್ತಿ ವಾದ್ಯದ ಭಾರ ಜಾಸ್ತಿಯಾಗುತ್ತೆ, ಅಷ್ಟು ತಿರುವು ಇರುವುದರಿಂದ ಕೆಳಗಿನ ಸ್ವರ ಕಟ್ಟಿದ ಮೂಗಿನ ಹಾಗೆ ಆಗುತ್ತೆ ಅಂತ ಕೆಲವು ವಾದಕರು ದೂರುತ್ತಾರೆ. ಮೂರನೇ ದಾರಿ ಬಡವರದ್ದು. ವಾಲ್ವಿನ ಜಾರು ಕೊಳವೆಯನ್ನು ಎಡಗೈಯಲ್ಲಿ ಆಗಾಗ ಎಳೆದು ಉದ್ದ ಮಾಡಿಕೊಳ್ಳುವುದು.

ಇಷ್ಟೆಲ್ಲ ನನಗೆ ಯಾಕೆ ಬೇಕಾಯಿತು ಅಂತ ನೀವು ಕೇಳಬಹುದು. ನಮ್ಮ ಸೋದರಮಾವ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ೧೮ ಅಡಿಯ ಟೂಬಾ ಊದುತ್ತಾರೆ. ಡಿ.ಜೆ. ಬಂದ ಮೇಲೆ ಬ್ಯಾಂಡಿನವರಿಗೆ ಮದುವೆಗಳು ಕಡಿಮೆಯಾಗಿವೆ. ಹೊಸ ಹಾಡು ನುಡಿಸಬೇಕು ಅಂತ ಅವರ ಸೆಟ್ಟಿನವರು ಒಂದು ಕೀಬೋರ್ಡ್ ತಂದರು. ಟೂಬಾದ ಶ್ರುತಿ ಕೀಬೋರ್ಡಿನ ಶ್ರುತಿಗಿಂತ ಎರಡು ಮೆಟ್ಟಿಲು ಕೆಳಗೆ. ಮಾವ ಪ್ರತಿ ಸ್ವರವನ್ನೂ ಮನಸ್ಸಿನಲ್ಲೇ ಎರಡು ಮೆಟ್ಟಿಲು ಏರಿಸಿ ಊದಬೇಕಾಯಿತು. ಹೊಸ ಹುಡುಗರು, "ಅಣ್ಣಾ, ಸ್ವಲ್ಪ ಪೈಪು ಕತ್ತರಿಸಿ ಬೆಸುಗೆ ಹಾಕಿಸಿಬಿಡಿ, ಸರಿಹೋಗುತ್ತೆ" ಅಂದರು. ಸೆಟ್ಟಿನ ಯಜಮಾನರೂ ತಲೆ ಆಡಿಸಿದರು. ಮಾವ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕತ್ತರಿಸಿದ ಮೇಲೆ ಕೆಟ್ಟರೆ ಹೊಸದು ತರೋಕೆ ದುಡ್ಡು ಎಲ್ಲಿ? ಟೂಬಾ ಇಲ್ಲ ಅಂದರೆ ಸೆಟ್ಟಿನಲ್ಲಿ ಅವರ ಜಾಗವೂ ಇಲ್ಲ.

ನಿಜ ಹೇಳಬೇಕೆಂದರೆ ಟೂಬಾ ಕತ್ತರಿಸುವುದು ಹೊಸ ವಿಷಯ ಅಲ್ಲ. ಅಮೆರಿಕದಲ್ಲಿ ೧೮ ಅಡಿಯದನ್ನು ಕತ್ತರಿಸಿ ೧೬ ಅಡಿಯದು ಮಾಡಿಸಿಕೊಂಡವರು ತುಂಬಾ ಜನ ಇದ್ದಾರೆ. ಆದರೆ ಅದು ಪೈಪಿನ ಒಂದು ತುಂಡು ಕತ್ತರಿಸಿ ಬಿಸಾಕುವ ಕೆಲಸ ಅಲ್ಲ. ಮೇಷ್ಟ್ರು, ನಾನು, ಮಾವ ಮೂರು ಜನ ಕೂತು ಲೆಕ್ಕ ಹಾಕಿದೆವು. ಎರಡು ಮೆಟ್ಟಿಲು ಏರಬೇಕಾದರೆ ೫೫೦ ಇದ್ದದ್ದು ೪೯೦ ಆಗಬೇಕು, ಅಂದರೆ ೬೦ ಸೆಂಟಿಮೀಟರ್ ತೆಗೆಯಬೇಕು. ಅಷ್ಟಕ್ಕೇ ಮುಗಿಯಲ್ಲ. ವಾಲ್ವಿನ ಕೊಳವೆಗಳು ೫೫೦ರ ಲೆಕ್ಕದಲ್ಲಿ ಮಾಡಿದವು. ಮೊದಲನೆಯದನ್ನು ೬೭ರಿಂದ ೬೦ಕ್ಕೆ, ಎರಡನೆಯದನ್ನು ೩೩ರಿಂದ ೨೯ಕ್ಕೆ, ಮೂರನೆಯದನ್ನು ೧೦೪ರಿಂದ ೯೩ಕ್ಕೆ ಇಳಿಸಬೇಕು. ಇಲ್ಲದಿದ್ದರೆ ಬರೀ ಊದಿದಾಗ ಕೀಬೋರ್ಡಿಗೆ ಹೊಂದುತ್ತೆ, ಒಂದು ಗುಂಡಿ ಒತ್ತಿದ ತಕ್ಷಣ ತಪ್ಪುತ್ತೆ.

ಇನ್ನೊಂದು ತೊಡಕು, ಎಲ್ಲಿ ಕತ್ತರಿಸೋದು? ಒಂದೇ ಸಮ ಇರುವ ಕೊಳವೆಯಲ್ಲಿ ಕತ್ತರಿಸುವುದು ಸುಲಭ, ಆದರೆ ಅಲ್ಲಿ ೬೦ ಸೆಂಟಿಮೀಟರ್ ಸಿಗಬೇಕಲ್ಲ. ಶಂಕುವಿನ ಭಾಗದಲ್ಲಿ ನಡುವೆ ತುಂಡು ತೆಗೆದರೆ, ಒಂದು ಕಡೆಯ ತುದಿ ಸಣ್ಣ, ಇನ್ನೊಂದು ಕಡೆಯದು ದಪ್ಪ. ಹೇಗೋ ಸೇರಿಸಿದರೂ ಒಳಗೆ ಹೊಸ್ತಿಲಿನ ಹಾಗೆ ಒಂದು ಏಣು ಉಳಿಯುತ್ತೆ. ಓಡುವ ಅಲೆ ಅಲ್ಲಿ ಎಡವಿ, ಅರ್ಧ ದಾರಿಯಲ್ಲೇ ಸ್ವಲ್ಪ ವಾಪಸ್ ಬರುತ್ತೆ. ಆ ಅಲೆ ತುಟಿಗೆ ಬೇಡದ ಹೊತ್ತಿನಲ್ಲಿ ಬಂದು ತಾಗುತ್ತೆ. ಕೆಲವು ಸ್ವರ ಸರಿ, ಕೆಲವು ಸ್ವರ ಏಳೋದೇ ಇಲ್ಲ, ಹೀಗಾಗುತ್ತೆ.

ಇದನ್ನೆಲ್ಲ ಕೇಳಿ ಮಾವನಿಗೆ ಧೈರ್ಯ ಬಂತೋ ಭಯ ಬಂತೋ ಗೊತ್ತಿಲ್ಲ. ಕೊನೆಗೆ ದಾರಿ ತೋರಿಸಿದ್ದು ಕೀಬೋರ್ಡ್ ನುಡಿಸುವ ಅಕ್ಕ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಅಂತ ಒಂದು ಗುಂಡಿ ಇದೆ. ಅದನ್ನು ಎರಡು ಸಲ ಒತ್ತಿ ಇಡೀ ಕೀಬೋರ್ಡನ್ನೇ ಎರಡು ಮೆಟ್ಟಿಲು ಇಳಿಸಿಬಿಟ್ಟರು. ಐದು ಸೆಕೆಂಡಿನ ಕೆಲಸ! ಟೂಬಾ ಉಳಿಯಿತು.

ಆದರೂ ಮಾವನ ಟೂಬಾದಲ್ಲಿ ಕೆಳಗಿನ ಸ್ವರ ತಡವಾಗಿ ಏಳುವುದು ತಪ್ಪಿರಲಿಲ್ಲ. ಒಂದು ಸಲ ಪಟ್ಟಣದ ಒಂದು ಅಂಗಡಿಯಲ್ಲಿ ಲೀಡ್‌ಪೈಪ್ ಒಡೆದಿದೆ ಅಂತ ಬದಲಾಯಿಸಿದ್ದರು. ಶಂಕುವಿನ ಹಾಗೆ ಮೆಲ್ಲಗೆ ಅಗಲವಾಗುವ ತುಂಡಿನ ಜಾಗಕ್ಕೆ ಒಂದೇ ಸಮದ ಪೈಪು ಹಾಕಿದ್ದರು. ಬೆಸುಗೆಯೂ ಪೂರ್ತಿ ಕೂತಿರಲಿಲ್ಲ. ಸಾಬೂನಿನ ನೀರು ಹಚ್ಚಿ ಮಾವ ಊದಿದಾಗ ಸೈಕಲ್ ಟ್ಯೂಬಿನ ಪಂಕ್ಚರ್ ಹಾಗೆ ಅಲ್ಲಿ ಗುಳ್ಳೆ ಬಂತು. ಹೊಸದಾಗಿ ಬೆಸುಗೆ ಹಾಕಿಸಿದ ಮೇಲೆ ಅರ್ಧ ತೊಂದರೆ ಹೋಯಿತು. ಉಳಿದ ಅರ್ಧಕ್ಕೆ ಸರಿಯಾದ ಲೀಡ್‌ಪೈಪೇ ಬೇಕು. ಉತ್ತರ ಪ್ರದೇಶದ ಮೀರತ್ ನಗರದಲ್ಲಿ ಜಾಲಿ ಕೋಠಿ ಎಂಬ ಕಡೆ ಬ್ಯಾಂಡಿನ ಹಿತ್ತಾಳೆ ವಾದ್ಯ ಮಾಡುವವರು ತುಂಬಾ ಜನ ಇದ್ದಾರೆ, ಅಲ್ಲಿಂದ ತರಿಸಬೇಕು ಅಂತ ಇದ್ದಾರೆ. ಅಲ್ಲಿಯವರೆಗೆ ಮಾವ ಕೆಳಗಿನ ಸ್ವರ ಬಂದಾಗ ಡ್ರಮ್ಮಿಗಿಂತ ಒಂದು ಕೂದಲೆಳೆ ಮುಂಚೆ ಊದುತ್ತಾರೆ, ಆಗ ಎರಡೂ ಒಟ್ಟಿಗೆ ಕೇಳಿಸುತ್ತೆ.

ಬಾಯಿಯ ಹತ್ತಿರದ ಸಣ್ಣ ತೂತಿಗೆ ಯಾಕೆ ಅಷ್ಟು ಬೆಲೆ? ಕೊಳವೆಯಲ್ಲಿ ತುಟಿಯ ಕಡೆ ಒತ್ತಡ ಜಾಸ್ತಿ, ಅಗಲ ಬಾಯಿಯ ಕಡೆ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಒತ್ತಡ ಇರುವ ಕಡೆ ತೂತಾದರೆ ಅಲೆಯ ಬಲವೇ ಸೋರಿ ಹೋಗುತ್ತೆ. ತಗ್ಗು ಬಿದ್ದರೂ ಹಾಗೇ. ೪೦ ಸೆಂಟಿಮೀಟರ್ ಬಾಯಿಯಲ್ಲಿ ನಿಂಬೆಹಣ್ಣಿನಷ್ಟು ತಗ್ಗು ಬಿದ್ದರೆ ನೋಡೋಕೆ ಕೆಟ್ಟದು ಅಷ್ಟೆ. ಬೆರಳಿನಷ್ಟು ದಪ್ಪದ ಕೊಳವೆಯಲ್ಲಿ ಕಡಲೆಕಾಳಿನಷ್ಟು ತಗ್ಗು ಬಿದ್ದರೂ ಅಲೆಯ ದಾರಿ ಕಿರಿದಾಗುತ್ತೆ. ವಾಲ್ವು ಸವೆದು ಸೋರುತ್ತಾ ಅಂತ ನೋಡೋಕೆ ಮಾವ ಒಂದು ಪರೀಕ್ಷೆ ಮಾಡುತ್ತಾರೆ. ಗುಂಡಿ ಒತ್ತದೆ ಜಾರು ಕೊಳವೆಯನ್ನು ಎಳೆದು ತೆಗೆಯಬೇಕು. 'ಟಪ್' ಅಂದರೆ ಗಾಳಿ ಸೋರುತ್ತಿಲ್ಲ, ಸುಮ್ಮನೆ ಬಂದರೆ ಸೋರುತ್ತಿದೆ. ಉಸಿರಿನ ಹಬೆ ತಣ್ಣಗಾಗಿ ಒಳಗೆ ನೀರು ನಿಲ್ಲುತ್ತೆ, ಅದನ್ನೂ ಆಗಾಗ ಚೆಲ್ಲಬೇಕು. ಜನ ಅದನ್ನು ಎಂಜಲು ಅಂತಾರೆ, ಹೆಚ್ಚಿನದು ಬರೀ ಹಬೆಯ ನೀರು.

ತೂತಿನ ವಿಷಯ ನಂಬದೇ ಇರುವವರು ಮಾಡಿ ನೋಡಬಹುದು. ಮುಕ್ಕಾಲು ಇಂಚಿನ ನೀರಿನ ಪೈಪನ್ನು ೫೫೦ ಸೆಂಟಿಮೀಟರ್ ಅಳೆದು, ಒಂದು ತುದಿಗೆ ಸೀಮೆಎಣ್ಣೆ ಲಾಳಿಕೆ ಸಿಕ್ಕಿಸಿದ್ದೇವೆ. ಅದರ ಒಳ ಅಗಲ ಹೆಚ್ಚು ಕಡಿಮೆ ಟೂಬಾದ ವಾಲ್ವಿನ ಕೊಳವೆಯಷ್ಟೇ. ಇನ್ನೊಂದು ತುದಿಗೆ ತುಟಿ ಇಟ್ಟು ನಡುಗಿಸಿದರೆ ದೊಡ್ಡ ದನಿ ಬರುತ್ತೆ, ಮೊದಲ ದಿನ ಅಡುಗೆ ಮನೆಯ ಅಮ್ಮ ಓಡಿ ಬಂದು ನೋಡಿದರು. ಲಾಳಿಕೆಯ ಹತ್ತಿರ ಮೊಳೆಯಿಂದ ಒಂದು ತೂತು ಮಾಡಿದ್ದೇವೆ, ಬಾಯಿಯಿಂದ ಒಂದು ಗೇಣು ದೂರದಲ್ಲಿ ಇನ್ನೊಂದು. ಎರಡಕ್ಕೂ ಅಂಟು ಪಟ್ಟಿ ಹಾಕಿದೆ. ಲಾಳಿಕೆಯ ಹತ್ತಿರದ್ದನ್ನು ತೆಗೆದು ಊದಿ, ಏನೂ ಗೊತ್ತಾಗಲ್ಲ. ಆಮೇಲೆ ಬಾಯಿಯ ಹತ್ತಿರದ್ದನ್ನು ತೆಗೆದು ಊದಿ. ಪೈಪು ನಮ್ಮ ತರಗತಿಯ ಬೀರುವಿನ ಹಿಂದೆ ಸುತ್ತಿ ಇಟ್ಟಿದೆ. ಊದಿದ ಮೇಲೆ ಬಾಯಿ ಇಟ್ಟ ತುದಿಯನ್ನು ತೊಳೆದು, ಅಂಟು ಪಟ್ಟಿ ಮತ್ತೆ ಹಾಕಿಡಿ.

- ೭ನೇ ತರಗತಿ